ತಟ್ಟೆಯಲ್ಲಿ ಬಿದ್ದ ಉಗುರು

ಮೇಷ್ಟ್ರಿಗೆ ಉಗುರಿರಲಿಲ್ಲ. ಗಿಟಾರಿನವರು ತಂತಿ ಮೀಟಲೆಂದು ಜೀವದ ಹಾಗೆ ಕಾಪಾಡಿಕೊಳ್ಳುವ ಬಲಗೈ ಉಗುರನ್ನು ಅವರು ಬುಡಮಟ್ಟ ಕತ್ತರಿಸಿ ಎಸೆಯುತ್ತಿದ್ದರು, ಕೇಳಿದರೆ ಲ್ಯೂಟ್ ಅನ್ನುತ್ತಿದ್ದರು, ಮುನ್ನೂರು ವರ್ಷ ಹಳೆಯ ಆ ಬೆನ್ನುಬ್ಬಿದ ತಂತಿವಾದ್ಯ, ಅದಕ್ಕೆ ಬರೆದದ್ದನ್ನು ಗಿಟಾರಿಗೆ ಇಳಿಸ್ಕೊಂಡ್ವಿ ಅಂತ ಅದರ ಮರ್ಯಾದೆ ಇಳಿಸಬಾರದಮ್ಮ, ಬೆರಳಿನ ಮಾಂಸದಲ್ಲಿ ಮೀಟಬೇಕು — ಮಾಂಸವಂತೆ, ಕಟುಕರ ಅಂಗಡಿಯಾ ಇದು, ಎಂದು ಅವಳು ಕ್ಲಾಸಿನಲ್ಲಿ ಎಲ್ಲರೆದುರು ನಕ್ಕಿದ್ದಳು, ಅವರಿಗೆ ಹತ್ತಿಬೆರಳು ಎಂದು ಹೆಸರಿಟ್ಟವಳೂ ಅವಳೇ, ಆ ಹೆಸರು ಸಂಗೀತ ಶಾಲೆಯ ಜವಾನನ ಬಾಯಿಗೂ ಹತ್ತಿತ್ತು, ಈಗ ಮುಚ್ಚಿದ ಬಾಗಿಲಿನಾಚೆ ಅದೇ ಹತ್ತಿಯ ಸದ್ದು, ಒಳಗೆ ನುಡಿಸುತ್ತಿರುವವನು ಹೂಂಗುಟ್ಟಪ್ಪ, ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹೂಂ ಅನ್ನುವ ಶಿಷ್ಯ, ಆರಿಸಿಕೊಂಡದ್ದಾದರೂ ಏನು, ಲ್ಯೂಟಿಗೆ ಬರೆದ ಆ ನಿಧಾನದ ಸರಬಾಂಡ್, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಒಂದು ಅಂಗಿ ಇಸ್ತ್ರಿ ಮಾಡಿ ಮುಗಿಸಬಹುದು, ಮೇಷ್ಟ್ರು ನಿವೃತ್ತರಾದ ಮೇಲೆ ಅವರ ಕುರ್ಚಿ ಬೇಕಂತೆ ಇವನಿಗೆ, ಕುರ್ಚಿ ಒಂದೇ, ಕೇಳುವವರು ಇಬ್ಬರು, ಇವನು ಮತ್ತು ಅವಳು. ಸರಬಾಂಡೇ ತಗೋಮ್ಮ, ಅದರಲ್ಲಿ ಬಚ್ಚಿಟ್ಕೊಳ್ಳೋಕೆ ಜಾಗ ಇಲ್ಲ, ಎಂದು ಮೇಷ್ಟ್ರು ಅವಳಿಗೂ ಹೇಳಿದ್ದರು, ಬಚ್ಚಿಟ್ಟುಕೊಳ್ಳುವುದು ಅವಳ ಜಾಯಮಾನವೇ ಅಲ್ಲ, ಅವಳು ಜೀಗ್ ಆರಿಸಿದ್ದಳು, ಅದೇ ಹಳೇ ಲ್ಯೂಟಿನದೇ, ಆದರೆ ಕುಣಿತ, ಬೆಂಕಿ, ಮಂದ್ರಕ್ಕೆಂದು ಆರನೆಯ ತಂತಿಯನ್ನು ಒಂದು ಸ್ವರ ಇಳಿಸಿಕೊಂಡು ಕೂತಿದ್ದಾಳೆ, ಬೆಳಗ್ಗೆ ಗಿಟಾರಿನ ಚೀಲದ ಜಿಪ್ಪಿಗೆ ಸಿಕ್ಕಿ ಉಂಗುರಬೆರಳಿನ ಉಗುರು ಕಿತ್ತುಬಂದದ್ದು ಇಲ್ಲಿ ಯಾರಿಗೂ ಗೊತ್ತಿಲ್ಲ, ಟೇಬಲ್ ಟೆನಿಸ್ ಚೆಂಡನ್ನು ಚಂದ್ರನ ಚೂರಿನ ಹಾಗೆ ಕತ್ತರಿಸಿ ಅಂಟಿಸಿದ್ದಾಳೆ, ಗಿಟಾರಿನವರೆಲ್ಲ ಮಾಡುವುದೇ, ಬೆಳ್ಳಗೆ, ಅಸಲಿಗಿಂತ ಗಟ್ಟಿ. ಮನೆಯಲ್ಲಿ ಅತ್ತಿಗೆ ಮಾತ್ರ ಕೋಣೆ ಬಾಗಿಲಲ್ಲೇ ನಿಂತು ನೋಡಿದ್ದಳು, ಈ ಸಲವೂ ಆಗ್ಲಿಲ್ಲ ಅಂದ್ರೆ ನಿಮ್ಮಣ್ಣನ ಪೈಪಿನ ಅಂಗಡೀಲಿ ಬಂದು ಕೂತ್ಕೋ, ನಲ್ಲಿ ಮೇಲಿನ ಸ್ಟಿಕ್ಕರ್ ಕೀಳಕ್ಕಾದ್ರೂ ಆ ಉಗುರು ಬೇಕಾಗತ್ತೆ.

ಬಾಗಿಲು ತೆರೆಯಿತು, ಹೂಂಗುಟ್ಟಪ್ಪ ಬೆವರು ಒರೆಸಿಕೊಳ್ಳುತ್ತ ಬಂದ, ಚೆನ್ನಾಗಿ ನುಡಿಸಿ ಅಕ್ಕಾ, ಅಕ್ಕನಂತೆ ಅಕ್ಕ, ತಲೆಯಲ್ಲಿ ಅರ್ಧ ಕೂದಲಿಲ್ಲ ಇವನಿಗೆ, ಅವಳು ಒಳಗೆ ಹೋಗಿ ಕೂರುತ್ತಾಳೆ, ಮೇಜಿನ ಹಿಂದೆ ಮೇಷ್ಟ್ರು, ಪಕ್ಕದಲ್ಲಿ ಆಕಳಿಸುವ ಕಾರ್ಯದರ್ಶಿ, ಮುಂದೆ ಟೀ ಕುಡಿದಿಟ್ಟ ಕಪ್ಪು ಮತ್ತು ತಟ್ಟೆ, ಶುರು ಮಾಡಮ್ಮ — ಮಾಡಿದಳು, ಒಂದೊಂದು ಸ್ವರವೂ ಗಾಜು ಒಡೆದ ಹಾಗೆ, ಕಾರ್ಯದರ್ಶಿಯ ಆಕಳಿಕೆ ಅರ್ಧಕ್ಕೇ ನಿಂತಿತು, ಕೇಳಿ ಮೇಷ್ಟ್ರೇ, ಇದು ಉಗುರು, ಉಗುರಂದರೆ ಇದು, ಮೇಷ್ಟ್ರು ಕಣ್ಣು ಮುಚ್ಚಿದ್ದಾರೆ, ಹೊಟ್ಟೆಕಿಚ್ಚು, ಇನ್ನೇನು — ಚಟ್ ಎಂದಿತು, ಬೆಳ್ಳಗಿನದೊಂದು ಹಾರಿತು, ಮೇಷ್ಟ್ರ ತಟ್ಟೆಯಲ್ಲಿ ಟಿಣ್ ಎಂದು ಬಿತ್ತು. ಅವರು ಕಣ್ಣು ತೆರೆದು ನೋಡಿದರು, ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು, ಹೋಗ್ಲಿ ಬಿಡಮ್ಮ, ಬೆರಳಲ್ಲೇ ಮುಗಿಸು, ಅವಳು ಮೀಟಿದಳು, ಥಪ್, ಇನ್ನೊಮ್ಮೆ, ಥಪ್, ಮಾಂಸಕ್ಕೆ ತಂತಿ ಸಿಕ್ಕುವುದೇ ಇಲ್ಲ, ಸಿಕ್ಕರೆ ಬಿಡುವುದಿಲ್ಲ, ಇಷ್ಟು ವರ್ಷ ಈ ಮುದುಕ ಇದನ್ನು ಹೇಗೆ ಹಾಡಿಸುತ್ತಿದ್ದ, ನಿಧಾನದ್ದು ಯಾವ್ದಾದ್ರೂ ನುಡಿಸ್ತೀಯಾಮ್ಮ, ಸರಬಾಂಡ್ ಬರುತ್ತಾ, ಬರುವುದಿಲ್ಲ, ಒಮ್ಮೆಯೂ ಕೈಗೆತ್ತಿಕೊಂಡಿರಲಿಲ್ಲ, ಹೊರಗೆ ಹೂಂಗುಟ್ಟಪ್ಪ ಜವಾನನ ಜೊತೆ ಏನಕ್ಕೋ ಹೂಂ ಹೂಂ ಅನ್ನುತ್ತಿದ್ದಾನೆ, ಕಾರ್ಯದರ್ಶಿ ಮತ್ತೆ ಆಕಳಿಸಿದ, ತಟ್ಟೆಯಲ್ಲಿ ಟೀ ಕಲೆಯ ನಡುವೆ ಆ ಬೆಳ್ಳಗಿನ ಚೂರು, ಮೇಷ್ಟ್ರು ಅದನ್ನು ಬರಿಬೆರಳಲ್ಲಿ ಎತ್ತಿಕೊಡಲು ನೋಡುತ್ತಿದ್ದಾರೆ, ಅದು ಜಾರುತ್ತಿದೆ, ಬೆಳ್ಳಗೆ, ತಟ್ಟೆಯಲ್ಲಿ, ಬೆಳ್ಳಗೆ. ಹೋದದ್ದು ಒಂದು ಕೆಲಸ, ಒಂದು ಉಗುರು. ಉಗುರು ಅವಳದ್ದೂ ಅಲ್ಲ.