ಬೆಳಕು ತೂರುವಷ್ಟು ತೆಳ್ಳಗೆ

ಮರದ ಬುಡದಿಂದ ಒಂದು ಚಕ್ಕೆ ಹೆಕ್ಕಿ ತಂದು ಬಿರಿಬೊ ಅಳಿಯ ಆಂತೆರೆಯಾನ ತಟ್ಟೆಯ ಪಕ್ಕದಲ್ಲಿಟ್ಟ. ತೆಂಗಿನ ಹೊಂಬಾಳೆಯ ಚಕ್ಕೆ. ಕಿರುಬೆರಳಷ್ಟು ದಪ್ಪವಿತ್ತು.

“ಇದನ್ನ ಮೀನಿನ ಜೊತೆ ನೆಂಚ್ಕೋತೀಯಾ?”

ಆಂತೆರೆಯಾ ತಲೆಯೆತ್ತಲಿಲ್ಲ. “ನಿನ್ನೆ ಸಂಜೆ ಹತ್ತೋಕಾಗ್ಲಿಲ್ಲ, ಮಾವ. ಎರಡು ಹೊತ್ತಿಂದು ಒಟ್ಟಿಗೇ ಕೊಯ್ದೆ.”

“ಎರಡು ದಿನದ ಉಸಿರು ಇವತ್ತೇ ಎಳ್ಕೊಂಡು ನಾಳೆ ಸುಮ್ನಿರ್ತೀಯೇನು?”

ಮಗುವಿಗೆ ಜೀಗುಜ್ಜೆ ಹಿಸುಕಿ ತಿನ್ನಿಸುತ್ತಿದ್ದ ತೀರಿಯಾ ನಕ್ಕುಬಿಟ್ಟಳು. ಹೆಂಡತಿಯ ಆ ನಗು ಆಂತೆರೆಯಾನಿಗೆ ಬೇಕಿರಲಿಲ್ಲ.

ಹನ್ನೊಂದು ವರ್ಷ ಅವನು ಪರದೇಶದ ಸರಕು ಹಡಗುಗಳಲ್ಲಿ ದುಡಿದಿದ್ದ. ಸೀಟಿ ಊದಿದರೆ ಏಳುತ್ತಿದ್ದ, ತುಕ್ಕು ಕೆರೆಯುತ್ತಿದ್ದ, ಬಣ್ಣ ಬಳಿಯುತ್ತಿದ್ದ. ಅಲ್ಲಿ ಅವನನ್ನು ಸೋಮಾರಿ ಎಂದವರಿಲ್ಲ. ಅಬೆಯಾಂಗ್ ದ್ವೀಪಕ್ಕೆ ಮರಳಿದ ಮೇಲೆ ಸೀಟಿ ಊದುವವರೇ ಇರಲಿಲ್ಲ. ಮಾವನ ಮೊಣಕಾಲು ಊದಿಕೊಂಡು ಹತ್ತಲಾರದಂತಾದಾಗ ಎರಡು ಮರಗಳು ಅವನ ಪಾಲಿಗೆ ಬಂದವು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹತ್ತಬೇಕು. ಭಾನುವಾರವೂ ಹತ್ತಬೇಕು, ಜ್ವರವಿದ್ದರೂ ಹತ್ತಬೇಕು. ಹೊಂಬಾಳೆಯ ತುದಿಯನ್ನು ತೆಳ್ಳಗೆ ಹೆರೆದರೆ ನೀರಾ ತೊಟ್ಟಿಕ್ಕುತ್ತದೆ. ಬಿಟ್ಟರೆ ಗಾಯ ಮಾಯುವಂತೆ ಬಾಯಿ ಕಟ್ಟಿಕೊಳ್ಳುತ್ತದೆ. ದಪ್ಪ ಕೊಯ್ದರೆ ಹೊಂಬಾಳೆಯೇ ಬೇಗ ಮುಗಿದುಹೋಗುತ್ತದೆ.

ಹತ್ತಲು ಅವನಿಗೆ ಭಯವೇನಿಲ್ಲ, ಬೇಸರ ಅಷ್ಟೆ. ಹಡಗಿಗೆ ಬಣ್ಣ ಬಳಿದರೆ ಬಳಿದದ್ದು ಕಣ್ಣಿಗೆ ಕಾಣುತ್ತದೆ. ಈ ಕೆಲಸ ಎಂದೂ ಮುಗಿಯುವುದಿಲ್ಲ. ಸಂಜೆಯಾಯಿತೆಂದರೆ ಕಾಲು ತಾನಾಗಿ ವಾಲಿಬಾಲ್ ಅಂಗಳದತ್ತ ತಿರುಗುತ್ತಿತ್ತು. ಇದೊಂದು ಆಟ ಆಡಿ ಹೋದರಾಯಿತು ಎಂದುಕೊಳ್ಳುತ್ತಿದ್ದ. ಅಷ್ಟರಲ್ಲಿ ಕತ್ತಲಾಗುತ್ತಿತ್ತು.

ಮಗಳು ರೂತಿಯಾಳಿಗೆ ವರ್ಷ ತುಂಬಲು ಐದು ವಾರವಿತ್ತು. ಆ ಹುಟ್ಟುಹಬ್ಬದಂದು ಊರೆಲ್ಲ ಮನೆಯಾಬಾ ಎಂಬ ಸಭಾಮನೆಯ ದೊಡ್ಡ ಸೂರಿನಡಿ ಕೂಡುತ್ತದೆ. ತಮ್ಮದೇ ಮರದ ನೀರಾ ಕುದಿಸಿದ ಜೋನಿಬೆಲ್ಲವನ್ನು ನೀರಲ್ಲಿ ಕದಡಿ, ಮಗುವಿನ ಹೆಸರಿನಲ್ಲಿ ಹಿರಿಯರಿಗೆ ಮೊದಲ ಲೋಟ ಕೊಡುವುದು ತೀರಿಯಾಳ ಮನೆತನದ ಪದ್ಧತಿ. ಅದಕ್ಕಾಗಿ ಅವಳು ಬಾಟಲಿಗಳನ್ನು ತೊಳೆದು ಒಣಗಿಸಿಟ್ಟಿದ್ದಳು.

ಆ ವಾರವೇ ಮೂಡಲ ಮರದ ಹೊಂಬಾಳೆ ಕಪ್ಪಾಗಿ ಬತ್ತಿತು. ಆಂತೆರೆಯಾ ಇಳಿದು ಬಂದು ಹೇಳಿದ. ತೀರಿಯಾ ಖಾಲಿ ಬಾಟಲಿಗಳಲ್ಲಿ ಅರ್ಧವನ್ನು ತೆಗೆದು ಬುಟ್ಟಿಗೆ ಹಾಕಿದಳು.

“ಅಂಗಡಿ ಸಕ್ಕರೆ ಕದಡಿ ಕೊಡೋಣ, ಬಿಡು.”

ಅವಳು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಆಂತೆರೆಯಾನಿಗೆ.

“ಇನ್ನೊಂದು ಮರ ಇದೆಯಲ್ಲ. ನಾಳೆಯಿಂದ ನೋಡು ನೀನು—”

“ನಾಳೆ ಮೇಲೆ ಯಾಕೆ ಹೊರಿಸ್ತೀಯ?” ಜಗಲಿಯಿಂದ ಬಿರಿಬೊ ಕೂಗಿದ. “ನಾಳೆ ಏನು ನಿನ್ನ ಮನೆ ಆಳಾ? ಬಾ ಇಲ್ಲಿ.”

ಆಂತೆರೆಯಾ ಹೋಗಿ ಕುಳಿತ. ಮಾವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ.

“ನಿಮಗೆ ಮರ ಅಂದ್ರೆ ಇಷ್ಟ, ಮಾವ. ನನಗೆ ಹಾಗಲ್ಲ.”

“ಇಷ್ಟಾನಾ? ಯಾರು ಹೇಳಿದ್ದು?” ಬಿರಿಬೊ ಒಳಗೆ ಇಣುಕಿ ದನಿ ತಗ್ಗಿಸಿದ. “ನಲವತ್ತು ವರ್ಷ ಪ್ರತಿ ಸಂಜೆ ನನ್ನ ಮನಸ್ಸು ಬೇಡ ಅಂದಿದೆ. ಮೊಣಕಾಲು ಕೆಟ್ಟಾಗ ಒಳಗೊಳಗೇ ಖುಷಿಯಾಯ್ತು ಕಣೋ. ಮಗಳಿಗೆ ಹೇಳ್ಬೇಡ.”

ಆಂತೆರೆಯಾ ಅವನನ್ನೇ ನೋಡಿದ. “ಮತ್ತೆ ಹೇಗೆ ಹತ್ತಿದ್ರಿ?”

“ನೀನು ಮರದ ಕೆಳಗೆ ನಿಂತು ಮನಸ್ಸನ್ನ ಕೇಳ್ತೀಯ. ನಾನು ಕೇಳ್ತಿರಲಿಲ್ಲ. ಮೊದಲ ಮೆಟ್ಟಿಗೆ ಕಾಲಿಡೋವರೆಗೆ ಮಾತ್ರ ನನ್ನ ಕೆಲಸ. ಆಮೇಲಿಂದು ಹಾಡಿನ ಕೆಲಸ.”

ಮರದ ಮೇಲಿರುವವರು ಹಾಡಬೇಕು. ಮೇಲೆ ಯಾರೋ ಇದ್ದಾರೆಂದು ಕೆಳಗಿನವರಿಗೆ ಗೊತ್ತಾಗಬೇಕಲ್ಲ. ಆಂತೆರೆಯಾ ಮಾತ್ರ ಎಂದೂ ಹಾಡಿರಲಿಲ್ಲ.

“ನನಗೆ ಹಾಡು ಬರಲ್ಲ.”

“ಹಾಡದೆ ಹತ್ತೋನು ಕಳ್ಳ. ಹಾಡ್ತಿದ್ರೆ ಕೈ ಅವಸರ ಮಾಡಲ್ಲ. ಹಾಡು ಮುಗಿಯೋವರೆಗೆ ಇಳಿಯಂಗಿಲ್ಲ. ಅಷ್ಟೇ.”

ಮರುದಿನ ಸಂಜೆ ಆಂತೆರೆಯಾ ನೀರಾ ಹಿಡಿಯುವ ಚಿಪ್ಪಿಗೆ ಹಗ್ಗ ಕಟ್ಟಿ, ಕೊರಳಿಗೆ ನೇತುಹಾಕಿಕೊಂಡೇ ವಾಲಿಬಾಲ್ ಅಂಗಳಕ್ಕೆ ಹೋದ. ನೆಗೆದಾಗಲೆಲ್ಲ ಅದು ಗದ್ದಕ್ಕೆ ಬಡಿಯಿತು.

“ಏನಪ್ಪಾ, ಮಾವ ನಿನ್ನ ಕೊರಳಿಗೆ ಗಂಟೆ ಕಟ್ಟಿದ್ನಾ?” ಎಂದ ಗೆಳೆಯ ಮಿಕಾಯೆರೆ. ಅಂಗಳವೆಲ್ಲ ನಕ್ಕಿತು.

ಸೂರ್ಯ ದ್ವೀಪ ಬಳಸಿ ನಿಂತ ಒಳಗಡಲಿನ ನೀರಿಗೆ ಮುಟ್ಟುವಷ್ಟರಲ್ಲಿದ್ದ. ಆಟದಲ್ಲಿ ಎರಡೂ ಕಡೆ ಸರಿಸಮ. ಚಿಪ್ಪು ಮತ್ತೊಮ್ಮೆ ಗದ್ದಕ್ಕೆ ಬಡಿಯಿತು. ಆಂತೆರೆಯಾ ಚೆಂಡನ್ನು ಕೆಳಗಿಟ್ಟ.

“ಲೋ! ಇನ್ನೆರಡೇ ಪಾಯಿಂಟು ಕಣೋ! ಮರ ಏನು ಓಡಿಹೋಗುತ್ತಾ?”

ಉತ್ತರಿಸಿದರೆ ತಾನು ನಿಂತುಬಿಡುತ್ತೇನೆಂದು ಅವನಿಗೆ ಗೊತ್ತಿತ್ತು. ಪಡುವಲ ಮರದವರೆಗೆ ನಡೆದು, ಕಾಂಡದಲ್ಲಿ ಕೊರೆದ ಮೊದಲ ಮೆಟ್ಟಿಗೆ ಕಾಲಿಟ್ಟ. ಅವನ ಕೆಲಸ ಅಲ್ಲಿಗೆ ಮುಗಿದಿತ್ತು.

ಮೇಲೆ ಗಾಳಿಯಿತ್ತು. ಗರಿಯ ಸಂದಿನಲ್ಲಿ ಸಿಕ್ಕಿಸಿಟ್ಟಿದ್ದ ಕತ್ತಿ ಹಿಡಿದು ಬಾಯಿ ತೆರೆದ. ನೆನಪಾದದ್ದು ಹಡಗಿನದೇ.

“ಕೆರೆಯೋ ತುಕ್ಕು, ಕೆರೆಯೋ ತುಕ್ಕು, ನಾಳೆಗೂ ಅಷ್ಟೇ ತುಕ್ಕು...”

ದನಿ ಒಡಕಾಗಿತ್ತು. ಕೆಳಗೆ ಯಾರೋ ಬಿದ್ದು ಬಿದ್ದು ನಕ್ಕರು. ಅವನು ನಿಲ್ಲಿಸಲಿಲ್ಲ. ಕೈ ಹಾಡಿನ ಜೊತೆ ಹೋಯಿತು. ಚಕ್ಕೆಯೊಂದು ಕತ್ತಿಯ ಮೇಲೆ ಅಂಟಿಕೊಂಡಿತು. ಬಿಡಿಸಿ ಬೆಳಕಿಗೆ ಹಿಡಿದ. ಅದರ ಹಿಂದೆ ಸೂರ್ಯ ಕಂಡ.

ಬೇಸರ ಹೋಗಲಿಲ್ಲ. ಮಳೆಯ ದಿನ ಅವನು ಮರವನ್ನೂ ಮಾವನನ್ನೂ ಬೈದುಕೊಂಡು ಹತ್ತಿದ. ಒಂದು ಬೆಳಿಗ್ಗೆ ಚಾಪೆಯ ಮೇಲೆ ಬಹಳ ಹೊತ್ತು ಮಲಗಿಯೇ ಇದ್ದ. ತೀರಿಯಾ ಎಬ್ಬಿಸಲಿಲ್ಲ. ಕೊನೆಗೆ ತಾನೇ ಎದ್ದು ಹೋದ. ದಿನವೂ ಬಿರಿಬೊ ಕುಂಟುತ್ತ ಬಂದು ಬುಡದ ಚಕ್ಕೆ ನೋಡುತ್ತಿದ್ದ. ಆಮೇಲಾಮೇಲೆ ಬರುವುದನ್ನು ಬಿಟ್ಟ.

ರೂತಿಯಾಳ ದಿನಕ್ಕೆ ಬೆಲ್ಲ ಸಾಲಲಿಲ್ಲ. ಹಿರಿಯರ ಸಾಲಿಗೆ ಸರಿಹೋಯಿತು. ಉಳಿದವರಿಗೆ ಅಂಗಡಿ ಸಕ್ಕರೆಯೇ. ಮೊದಲ ಲೋಟದ ಅಂಚಿಗೆ ಮಗುವಿನ ಬೆರಳು ಮುಟ್ಟಿಸಿ ತೀರಿಯಾ ಅದನ್ನು ಎತ್ತಿ ಕೊಟ್ಟಳು. ಕೊಡುವಾಗ ಗಂಡನತ್ತ ನೋಡಿದಳು.

ಒಬ್ಬ ಹಿರಿಯರ ಭಾಷಣ ಉದ್ದಕ್ಕೆ ಸಾಗಿತ್ತು. ಬಿಸಿಲು ಇಳಿಯಿತು. ಆಂತೆರೆಯಾ ಹೊಸ ಅಂಗಿ ಬಿಚ್ಚಿ ಮಿಕಾಯೆರೆಯ ಕೈಗಿಟ್ಟ.

“ಇವತ್ತೂನಾ?” ಎಂದ ಮಿಕಾಯೆರೆ.

ಸ್ವಲ್ಪ ಹೊತ್ತಿಗೆ ದೂರದ ಮರದಿಂದ ತುಕ್ಕಿನ ಹಾಡು ಕೇಳಿಬಂತು. ಇನ್ನೂ ಒಡಕು ದನಿಯೇ. ಹಿರಿಯರು ಮಾತು ನಿಲ್ಲಿಸಿ ಆಲಿಸಿದರು.

“ನೀವು ಮುಂದುವರಿಸಿ,” ಎಂದ ಬಿರಿಬೊ, ಮೊಣಕಾಲು ಚಾಚಿಕೊಂಡು. “ಆ ಹಾಡು ಮುಗಿಯೋವರೆಗೆ ಅವನು ಇಳಿಯಲ್ಲ.”