ಭುಜದ ಅಳತೆ

ಊರಿನ ಕಾಲೇಜಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರಿಗೂ ಅವನು ‘ಎಸ್ಸಾರ್’. ಹಾಜರಿ ಕರೆಯುವಾಗ, ಬಾರದ ಗೆಳೆಯರ ಪರವಾಗಿ ಏಳು ಬೇರೆ ಬೇರೆ ದನಿಯಲ್ಲಿ “ಎಸ್ ಸಾರ್” ಅನ್ನುತ್ತಿದ್ದ ಪುಣ್ಯಾತ್ಮ. ಗಡಸು ದನಿ, ಕೀರಲು ದನಿ, ನೆಗಡಿಯಾದವನ ದನಿ, ಎಲ್ಲ ಇದ್ದವು. ಮೇಷ್ಟ್ರುಗಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಒಬ್ಬರಂತೂ “ಇವತ್ತು ನೆಗಡಿ ಜೋರಾಗಿದೆಯಪ್ಪ” ಎಂದು ನಕ್ಕು ಮುಂದಿನ ಹೆಸರಿಗೆ ಹೋಗಿದ್ದರು. ಅಲ್ಲಿ ಅದು ಮೋಸ ಅಲ್ಲ, ಸ್ನೇಹ. ಆಗಲ್ಲ ಅಂದವನೇ ಕೆಟ್ಟವನು.

ಇಂಥ ಆಸಾಮಿ ಸೇತುವೆ ಕಟ್ಟುವ ವಿದ್ಯೆಯಲ್ಲಿ ದೊಡ್ಡ ಡಿಗ್ರಿ ಮಾಡುತ್ತೇನೆಂದು ದೂರದೇಶದ ಮಹಾನಗರಕ್ಕೆ ಹೊರಟ. ಕಳಿಸಿದವಳು ಅವನ ಅಕ್ಕ. ಟೈಲರ್ ಅಕ್ಕ. “ಹೆಂಗಸಿಗೆ ಕೋಟು ಹೊಲಿಯೋಕೆ ಬರುತ್ತಾ” ಎಂದು ಮೂಗು ಮುರಿದವರೆಲ್ಲ ಆಮೇಲೆ ಅವಳ ಅಂಗಡಿ ಮುಂದೆಯೇ ಕಾದು ನಿಂತಿದ್ದರು. ಅವಳಿಗಿದ್ದದ್ದು ಒಂದೇ ಆಸೆ. ತಮ್ಮ ಡಿಗ್ರಿ ತೆಗೆದುಕೊಳ್ಳಲು ವೇದಿಕೆ ಹತ್ತುವ ದಿನ, ತಾನು ಹೊಲಿದ ಕೋಟು ಅವನ ಮೈಮೇಲಿರಬೇಕು.

ಹೊರಡುವ ದಿನ ಅವನ ಸೂಟ್‌ಕೇಸಿಗೆ ಅಳತೆಯ ಟೇಪೊಂದನ್ನು ತುರುಕಿದಳು. “ಕೋಟು ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿ ಇಟ್ಟಿರ್ತೀನಿ. ಅಲ್ಲಿಗೆ ಹೋದ್ಮೇಲೆ ಒಣಗ್ತೀಯೋ ಊದ್ತೀಯೋ ಯಾರಿಗ್ಗೊತ್ತು. ಅಳತೆ ಹೇಳ್ತಾ ಇರು, ಕೊನೇಲಿ ಪಕ್ಕಾ ಹೊಲೀತೀನಿ. ಎದೆ, ಸೊಂಟ ನೀನೇ ಹಿಡ್ಕೋಬಹುದು. ಭುಜ ಮಾತ್ರ ಒಬ್ಬನ ಕೈಲಿ ಆಗಲ್ಲ ಕಣೋ. ಹಿಂದೆ ಯಾರಾದ್ರೂ ನಿಂತ್ಕೋಬೇಕು.”

ಆ ‘ಯಾರಾದ್ರೂ’ ಸಿಗಬೇಕಲ್ಲ, ಅದೇ ಕಷ್ಟವಾಯಿತು. ಮೂರನೇ ಮಹಡಿಯ ಕೋಣೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಆರು ಜನಕ್ಕೆ ಒಂದೇ ಅಡಿಗೆಮನೆ, ಅಲ್ಲಿ ಹಾಲಿನ ಡಬ್ಬಿಗಳ ಮೇಲೂ ಅವರವರ ಹೆಸರು ಬರೆದ ಚೀಟಿ. ಲ್ಯಾಬಿನಲ್ಲಿ ಜೊತೆಗಾರನೊಂದಿಗೆ ಕಾಂಕ್ರೀಟಿನ ಗಟ್ಟಿಗಳನ್ನು ಯಂತ್ರಕ್ಕಿಟ್ಟು ಪುಡಿ ಮಾಡುತ್ತಿದ್ದ. ಪುಡಿಯಾದ ಮೇಲೆ ಜೊತೆಗಾರ ಥ್ಯಾಂಕ್ಸ್ ಹೇಳಿ ಹೊರಟುಬಿಡುತ್ತಿದ್ದ. ವಾರಗಟ್ಟಲೆ ಎಸ್ಸಾರನ ಬಾಯಿಂದ ಥ್ಯಾಂಕ್ಸು, ಸಾರಿ ಬಿಟ್ಟು ಬೇರೆ ಮಾತು ಹೊರಡಲಿಲ್ಲ. ಏಳು ದನಿಯವನಿಗೆ ಇದ್ದ ಒಂದು ದನಿಗೂ ಕೆಲಸವಿಲ್ಲ.

ಮೊದಲ ಸಲ ಅಕ್ಕ ಅಳತೆ ಕೇಳಿದಾಗ, ಟೇಪಿನ ತುದಿಯನ್ನು ಬಾಗಿಲ ಮೊಳೆಗೆ ಸಿಕ್ಕಿಸಿ, ಬೆನ್ನು ತಿರುಗಿಸಿ, ಸರ್ಕಸ್ಸೆಲ್ಲ ಮಾಡಿ “ಹದಿನಾಲ್ಕು” ಅಂದ. ಅವಳು ಬಿದ್ದು ಬಿದ್ದು ನಕ್ಕಳು.

“ಅದು ಸ್ಕೂಲ್ ಹುಡುಗರ ಭುಜ. ಸ್ನೇಹಿತರು ಯಾರೂ ಇಲ್ವೇನೋ?”

“ಇದಾರಕ್ಕ. ಇವತ್ತು ರಜ, ಯಾರೂ ಬಂದಿಲ್ಲ.”

ಫೋನಿಟ್ಟ ಮೇಲೆ ಅವನಿಗೆ ಅಳು ಬಂತು. ಯಾಕೆ ಸುಳ್ಳು ಹೇಳಬೇಕು, ಅಳು ಬಂತು.

ಎರಡನೆಯ ವರ್ಷದ ಮೊದಲಲ್ಲಿ ಪಕ್ಕದ ಕೋಣೆಗೆ ಸೋಡಾಬುಡ್ಡಿ ಬಂದ. ದಪ್ಪ ಕನ್ನಡಕ, ಮೂಗಿನಲ್ಲಿ ಮಾತು. ಬೇರೆ ಕಾಲೇಜಿನಿಂದ ಆಗಷ್ಟೇ ಬಂದು ಸೇರಿದವನು. ಅವನೂ ಇವನ ಕ್ಲಾಸೇ, ಅದಕ್ಕಿಂತ ಹೆಚ್ಚಾಗಿ ಇವನ ಭಾಷೆ. ಮೊದಲ ದಿನವೇ “ಏನ್ ಮಗಾ, ಅನ್ನ ಮಾಡೋಕೆ ಬರುತ್ತಾ?” ಎಂದು ಪಾತ್ರೆ ಹಿಡಿದು ನಿಂತ. ಎಸ್ಸಾರನಿಗೆ ಹೋದ ಜೀವ ಬಂದ ಹಾಗಾಯಿತು. ಇಬ್ಬರೂ ಒಂದೇ ಪಾತ್ರೆಯಲ್ಲಿ ಬೇಯಿಸಿಕೊಂಡು ತಿಂದರು. ಬಸ್ಸಿನಲ್ಲಿ ಕೂತು, ಯಾರಿಗೂ ಅರ್ಥವಾಗಲ್ಲ ಎಂಬ ಧೈರ್ಯದಲ್ಲಿ ಎದುರಿನವರ ಟೋಪಿ, ಮೀಸೆಗಳನ್ನೆಲ್ಲ ಆಡಿಕೊಂಡರು. ಆ ವಾರವೇ ಸೋಡಾಬುಡ್ಡಿ ಹಿಂದೆ ನಿಂತು ಟೇಪು ಹಿಡಿದ. ಹದಿನೇಳೂವರೆ. ಫೋನಿನಲ್ಲಿ ಅವನೇ ಮೂಗಿನಲ್ಲಿ ಹೇಳಿದ, “ಹದಿನೇಳೂವರೆ ಅಕ್ಕಾ.” ಅಕ್ಕನಿಗೆ ಸಮಾಧಾನವಾಯಿತು. ಆ ಅಳತೆಯನ್ನು ಗೆಳೆಯರಿಬ್ಬರೂ ಚೀಟಿಯಲ್ಲಿ ಬರೆದು ಎಸ್ಸಾರನ ಕೋಣೆಯ ಗೋಡೆಗೆ ಅಂಟಿಸಿದರು.

ಎರಡು ತಿಂಗಳಾದ ಮೇಲೆ ಸೋಡಾಬುಡ್ಡಿ ತನ್ನ ಕಾಲೇಜಿನ ಕಾರ್ಡು ತಂದು ಮೇಜಿನ ಮೇಲಿಟ್ಟ. ಅವನು ಹೋಟೆಲೊಂದರ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದ. ಪಾಳಿ ಬೆಳಗಿಗೆ ಬದಲಾಗಿತ್ತು. ಕ್ಲಾಸು ಇದ್ದದ್ದೂ ಬೆಳಗ್ಗೆ ಹತ್ತಕ್ಕೆ.

“ನಿಂದು ಒತ್ತುವಾಗ ನಂದೂ ಒಂಚೂರು ಒತ್ತಿಬಿಡೋ.”

ಆ ಕಾಲೇಜಿನಲ್ಲಿ ಹಾಜರಿ ಕರೆಯುವ ಮೇಷ್ಟ್ರಿಲ್ಲ. ಬಾಗಿಲ ಬಳಿ ಒಂದು ಪೆಟ್ಟಿಗೆ. ಕಾರ್ಡು ಒತ್ತಿದರೆ ಕೀಂ ಅನ್ನುತ್ತದೆ, ಹಾಜರಿ ಬೀಳುತ್ತದೆ. ಪರದೇಶದವರ ಹಾಜರಿ ನೂರಕ್ಕೆ ಎಂಬತ್ತು ಇರಲೇಬೇಕು. ಅದರಲ್ಲಿ ಸುಳ್ಳು ಲೆಕ್ಕ ತೋರಿಸಿದರೆ ಸೀಟು ಹೋಗುತ್ತದೆ, ಸೀಟಿನ ಹಿಂದೆ ವೀಸಾ ಹೋಗುತ್ತದೆ. ಇದನ್ನು ಮೊದಲ ದಿನವೇ ಓದಿಸಿ ಸಹಿ ಹಾಕಿಸಿಕೊಂಡಿದ್ದರು. ಸಹಿ ಹಾಕಿದವನಿಗೆ ಇದು ನೆನಪಾಗಬೇಕೋ ಬೇಡವೋ? ನೆನಪಾಯಿತು. ಆದರೂ ಎರಡೂ ಕಾರ್ಡು ಜೇಬಿಗಿಳಿಸಿಕೊಂಡ. ಬೇಡ ಅನ್ನುವ ವಿದ್ಯೆ ಅವನಿಗೆ ಯಾರೂ ಕಲಿಸಿರಲಿಲ್ಲ. ನಿಜ ಹೇಳಬೇಕೆಂದರೆ ಆ ಎರಡನೇ ಕೀಂ ಕೇಳಿದಾಗ ಅವನಿಗೆ ಖುಷಿಯಾಗುತ್ತಿತ್ತು. ತನಗೂ ಒಬ್ಬ ಗೆಳೆಯನಿದ್ದಾನೆ ಅನ್ನಿಸುತ್ತಿತ್ತು, ಮಂಕುದಿಣ್ಣೆಗೆ.

ಹನ್ನೊಂದು ವಾರ ಸುಸೂತ್ರವಾಗಿ ನಡೆಯಿತು. ಹನ್ನೆರಡನೆಯ ವಾರ ಹೋಟೆಲಿನಲ್ಲಿ ಕಾದ ಎಣ್ಣೆ ಸಿಡಿದು ಸೋಡಾಬುಡ್ಡಿಯ ಬಲಗೈ ಸುಟ್ಟಿತು. ಆಸ್ಪತ್ರೆಯವರು ಫಾರಂ ತುಂಬಿದರು. ಎಲ್ಲಿ, ಎಷ್ಟು ಹೊತ್ತಿಗೆ? ಹೋಟೆಲಿನಲ್ಲಿ, ಹತ್ತೂ ಇಪ್ಪತ್ತಕ್ಕೆ. ವಿದ್ಯಾರ್ಥಿಗಳ ವಿಮೆ ಕಾಲೇಜಿನದಾದ್ದರಿಂದ ಆ ಫಾರಂ ನೇರವಾಗಿ ಕಾಲೇಜಿಗೆ ಹೋಯಿತು. ಕಾಲೇಜಿನ ಲೆಕ್ಕದಲ್ಲಿ ಅದೇ ಹತ್ತೂ ಇಪ್ಪತ್ತಕ್ಕೆ ಸೋಡಾಬುಡ್ಡಿ ಕ್ಲಾಸಿನೊಳಗೆ ಕೂತಿದ್ದ. ಬಾಗಿಲ ಮೇಲಿನ ಕ್ಯಾಮೆರಾ ನೋಡಿದರು. ಒಬ್ಬನ ಕೈಯಲ್ಲಿ ಎರಡು ಕಾರ್ಡು.

ರಿಜಿಸ್ಟ್ರಾರ್ ಮೇಡಂ ಇಬ್ಬರನ್ನೂ ಎದುರುಬದುರು ಕೂರಿಸಿದರು. ಕೂಗಾಡಲಿಲ್ಲ, ನೀರು ಬೇಕಾ ಎಂದು ಕೇಳಿದರು. ಸೋಡಾಬುಡ್ಡಿ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮೇಜು ನೋಡುತ್ತಾ, ಕಾರ್ಡು ಕಳೆದುಹೋಗಿತ್ತು ಎಂದ. ಇವನಿಗೆ ಸಿಕ್ಕಿದ್ದು ತನಗೆ ಗೊತ್ತಿರಲಿಲ್ಲ ಎಂದ. “ಇವತ್ತೂ ಒತ್ತಿಬಿಡು ಮಗಾ” ಎಂಬ ಮೆಸೇಜುಗಳು ಎಸ್ಸಾರನ ಜೇಬಿನ ಫೋನಿನಲ್ಲೇ ಇದ್ದವು. ತೆಗೆದು ತೋರಿಸಿದರೆ ಆಗುತ್ತಿತ್ತು.

“ಅವರಿಗೆ ಗೊತ್ತಿಲ್ಲದ ಹಾಗೆ ಒತ್ತುತ್ತಿದ್ದವರು ನೀವೇನಾ?” ಎಂದು ಮೇಡಂ ಕೇಳಿದರು.

“ಎಸ್ ಮೇಡಂ.”

ತ್ಯಾಗ ಗೀಗ ಅಂತ ಯಾರೂ ತಿಳಿದುಕೊಳ್ಳಬೇಡಿ. ತ್ಯಾಗವೂ ಅಲ್ಲ, ಮಣ್ಣೂ ಅಲ್ಲ. ಹಾಳು ಬಾಯಿ, ಅಭ್ಯಾಸಬಲದಲ್ಲಿ ಅಂದುಬಿಟ್ಟಿತು. ಅಲ್ಲ, ಹಾಗಲ್ಲ ಎಂದು ತೊದಲುವ ಹೊತ್ತಿಗೆ ಮೇಡಂ ಬರೆದುಕೊಂಡಾಗಿತ್ತು. ಈಗ ಮಾತು ಬದಲಿಸಿದರೆ ಇನ್ನೂ ಕಷ್ಟವಾಗುತ್ತದೆ ಎಂದು ಮೆತ್ತಗೆ ಹೇಳಿದರು. ಸೀಟು ರದ್ದು, ಮೂವತ್ತು ದಿನದೊಳಗೆ ದೇಶ ಬಿಡಬೇಕು. ಸೋಡಾಬುಡ್ಡಿಗೆ ಹಾಜರಿ ಕಮ್ಮಿಯೆಂದು ಬರೀ ಎಚ್ಚರಿಕೆ ಪತ್ರ. ಮೆಟ್ಟಿಲಿಳಿಯುವಾಗ ಸೋಡಾಬುಡ್ಡಿ “ನಿನ್ನ ಉಪಕಾರ ಸಾಯೋವರೆಗೂ ಮರೆಯಲ್ಲ ಮಗಾ” ಎಂದ. ಎರಡು ದಿನದಲ್ಲಿ ಕೋಣೆ ಖಾಲಿ ಮಾಡಿಕೊಂಡು ಹೋದ, ಎಲ್ಲಿಗೆಂದು ಹೇಳಲಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಅಕ್ಕನ ಫೋನು ಬಂತು. ಅವಳು ಯಾವಾಗಲೂ ಫೋನನ್ನು ಮಿಷನ್ನಿನ ಪಕ್ಕದಲ್ಲಿಟ್ಟು, ಕೈಕೆಲಸ ಬಿಡದೆ ಮಾತಾಡುವವಳು. ಇವನು ಅರ್ಧ ತುಂಬಿದ ಸೂಟ್‌ಕೇಸಿನ ಮುಂದೆ ಕೂತಿದ್ದ.

“ಇವತ್ತು ಕೋಟು ಮುಗಿಸಿಬಿಡ್ತೀನಿ ಕಣೋ. ಲೈನಿಂಗೂ ಬಂತು. ಅಳತೆ ಹೇಳು.”

“ಅಕ್ಕ, ಒಂದು ವಿಷಯ ಹೇಳ್ಬೇಕಿತ್ತು.”

“ಆಮೇಲೆ ಹೇಳುವಂತೆ. ಮೊದ್ಲು ಭುಜ. ಇನ್ನೊಂದ್ಸಲ ಹಿಡಿಸಿಬಿಡು. ಪಕ್ಕಾ ಹೊಲಿದ್ಮೇಲೆ ಬಿಚ್ಚಿದ್ರೆ ಬಟ್ಟೇಲಿ ಗುರುತು ಉಳಿದುಬಿಡುತ್ತೆ. ಆ ಹುಡುಗ ಇದಾನಾ ಅಲ್ಲಿ? ಕೊಡು ಅವನಿಗೆ.”

ಅವನು ಖಾಲಿ ಕೋಣೆಯನ್ನು ಒಮ್ಮೆ ನೋಡಿದ. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡ. ಫೋನನ್ನು ಬಲಕಿವಿಯಿಂದ ಎಡಕಿವಿಗೆ ಬದಲಿಸಿ, ಗೋಡೆಯ ಚೀಟಿ ನೋಡಿಕೊಂಡು, ಮೂಗಿನಲ್ಲಿ ಹೇಳಿದ:

“ಹದಿನೇಳೂವರೆ ಅಕ್ಕಾ.”

“ಅಷ್ಟೇ ಇದೆಯಲ್ಲ, ಇಳಿದಿಲ್ಲ. ನೀನು ಜೊತೇಲಿದೀಯ ಅಂತಾನೇ ನಾನು ನಿಶ್ಚಿಂತೆಯಾಗಿರೋದು ಕಣಪ್ಪ. ಅವನನ್ನ ನೋಡ್ಕೋ.”

“ಎಸ್ ಅಕ್ಕಾ.”

ಆ ಕಡೆ ಮಿಷನ್ನು ಓಡಲು ಶುರುವಾಯಿತು.