ಬಲಗಡೆಯ ಬಾಗಿಲು

ನಾನು ಒಂದು ಬಾಗಿಲು. ಇಡೀ ಕಾರಲ್ಲ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದರ ಬಲಗಡೆಯ ಬಾಗಿಲು, ಅಷ್ಟೇ. ಸಮುದ್ರದಾಚೆಯ ಕಾರ್ಖಾನೆಯಲ್ಲಿ ಅಚ್ಚಿನ ಒಂದೇ ಏಟಿಗೆ ತಗಡಾಗಿದ್ದ ನಾನು ಬಾಗಿಲಾದೆ. ಮೈಗೆ ಹಸಿರು ಬಳಿದರು. ಹಡಗು ಹತ್ತಿ ಮದರಾಸಿಗೆ ಬಂದು, ಕೂನೂರಿನ ಚಹಾತೋಟದ ಮ್ಯಾನೇಜರೊಬ್ಬರ ಬಳಿ ಹನ್ನೊಂದು ವರ್ಷ ಇದ್ದೆ. ಅವರು ನನ್ನನ್ನು ಯಾವಾಗಲೂ ಮೊಣಕಾಲಿನಿಂದ ತಳ್ಳಿ ಮುಚ್ಚುತ್ತಿದ್ದರು. ಎಂಜಿನ್ ಸುಟ್ಟುಹೋದ ಮೇಲೆ ನಮ್ಮನ್ನು ಕೊಯಮತ್ತೂರಿನ ಗುಜರಿಗೆ ಹಾಕಿದರು. ಅಲ್ಲಿ ಚಕ್ರ, ದೀಪ, ಸೀಟು ಒಂದೊಂದಾಗಿ ಯಾರ ಯಾರ ಕೈಗೋ ಹೋದವು. ನಾನು ಉಳಿದೆ.

ಒಂದು ದಿನ ಮೈಸೂರಿನಿಂದ ಬಸವರಾಜೇ ಅರಸರು ಬಂದರು. ಕೈಯಲ್ಲಿ ಅಳತೆ ಬರೆದ ಚೀಟಿ. ನನ್ನನ್ನು ನಾಲ್ಕು ಕಡೆ ಅಳೆದು ನೋಡಿ, ಅಲ್ಲೇ ನೆಲದಲ್ಲಿ ಕುಳಿತು ಅತ್ತುಬಿಟ್ಟರು. ಬಾಗಿಲು ಸಿಕ್ಕಿತೆಂದು ಅಳುವವರನ್ನು ಇವತ್ತೇ ನೋಡಿದ್ದು ಎಂದು ಗುಜರಿಯವನು ನಕ್ಕ.

ಮೈಸೂರಿನಲ್ಲಿ ನನ್ನ ಹಸಿರಿನ ಮೇಲೆ ಕೆಂಪು ಹೊಡೆಸಿ, ನನ್ನ ಹಳೆಯ ಕಾರಿನಂಥದೇ ಇನ್ನೊಂದಕ್ಕೆ ಜೋಡಿಸಿದರು. ಬೆಸುಗೆಯವರ ಮಾತಿನಿಂದ ನನಗೆ ವಿಷಯ ತಿಳಿಯಿತು. ಕಡಕೊಳದ ಹತ್ತಿರ ಲಾರಿಯೊಂದು ಈ ಕಾರಿನ ಬಲಮಗ್ಗುಲಿಗೆ ನುಗ್ಗಿತ್ತು. ಓಡಿಸುತ್ತಿದ್ದವನು ಅರಸರ ಒಬ್ಬನೇ ಮಗ ಜಯಂತ. ನನ್ನ ಜಾಗದಲ್ಲಿದ್ದ ಬಾಗಿಲನ್ನು ಗ್ಯಾಸಿನಿಂದ ಕತ್ತರಿಸಿ ಅವನನ್ನು ಹೊರಗೆ ತೆಗೆದಿದ್ದರು.

ಹೆಂಡತಿ ಸರೋಜಮ್ಮಣ್ಣಿಯವರಿಗೆ ಅರಸರು ಬೇರೆಯದನ್ನೇ ಹೇಳಿದ್ದರು. ತಟ್ಟನೆ ಬ್ರೇಕ್ ಒತ್ತಿದಾಗ ಎದೆ ಸ್ಟಿಯರಿಂಗಿಗೆ ಬಡಿಯಿತಂತೆ, ಆ ಕ್ಷಣಕ್ಕೇ ಹೋದನಂತೆ, ನೋವೇ ಗೊತ್ತಾಗಲಿಲ್ಲವಂತೆ. ಗಾಡಿಗೆ ಒಂದು ಗೀರೂ ಬಿದ್ದಿಲ್ಲ, ಪೊಲೀಸರ ಹತ್ತಿರ ಇದೆ, ನಾಲ್ಕು ತಿಂಗಳಿಗೆ ಬಿಡುತ್ತಾರೆ ಎಂದಿದ್ದರು. ಆ ಮಾತಿಗೆ ಸಾಕ್ಷಿ ನಾನು.

ಹತ್ತೊಂಬತ್ತು ವರ್ಷ ಸಾಕ್ಷಿಯಾಗಿ ನಿಂತೆ. ಅಮ್ಮಣ್ಣಿಯವರು ಪ್ರತಿ ಸಂಜೆ ಶೆಡ್ಡಿಗೆ ಬಂದು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂರುತ್ತಿದ್ದರು. ಮಗ ಮೊಣಕೈ ಊರುತ್ತಿದ್ದ ಅಂಚಿನ ಮೇಲೆ ಕೈ ಇಟ್ಟುಕೊಂಡು ಬೀದಿಯ ಸುದ್ದಿಯೆಲ್ಲ ಹೇಳುತ್ತಿದ್ದರು. ಆಯುಧಪೂಜೆಯ ದಿನ ಅವರ ಕುಂಕುಮ ಬಾನೆಟ್ಟಿಗಲ್ಲ, ನನಗೆ. ಆ ಅಂಚಿನ ಮೇಲೆ ಮೊಣಕೈ ಊರಿದ್ದವರು ಕೂನೂರಿನ ಮ್ಯಾನೇಜರು. ಅದನ್ನು ಹೇಳಲು ನನಗೆ ಬಾಯಿರಲಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ.

ಕೆಂಪು ಬಿರಿದು ಚಕ್ಕೆ ಏಳತೊಡಗಿತು. "ಜಯಂತನಿಗೆ ನೀಲಿ ಬಣ್ಣ ಇಷ್ಟ ಇತ್ತು. ನನ್ನ ಕಣ್ಣು ಪೂರ್ತಿ ಮಂಜಾಗೋ ಮೊದಲು ಹೊಡೆಸಿಬಿಡಿ" ಎಂದು ಅಮ್ಮಣ್ಣಿಯವರು ಹಟ ಹಿಡಿದರು. ಅರಸರು ಎರಡು ವರ್ಷ ಮುಂದೂಡಿ, ಕೊನೆಗೆ ಮಂಡಿ ಮೊಹಲ್ಲಾದ ಇಲಿಯಾಸ್ ಸಾಹೇಬರ ಬಳಿ ನಮ್ಮನ್ನು ಬಿಟ್ಟರು. ಹೋಗುವಾಗ ಪಕ್ಕಕ್ಕೆ ಕರೆದು, "ಈ ಬಲಗಡೆ ಬಾಗಿಲು ಮಾತ್ರ ಕೆರೀಬೇಡಿ ಸಾಹೇಬ್ರೇ. ಮೇಲೇ ಹೊಡೆದುಬಿಡಿ" ಎಂದರು.

ಸಾಹೇಬರು ಬಂಪರು, ದೀಪ ಬಿಚ್ಚಿದರು. ಗಾಜಿಗೆಲ್ಲ ಹಳೆಯ ಪೇಪರ್ ಅಂಟಿಸಿದರು. ಮರದ ತುಂಡಿಗೆ ಒರಟಾದ ವಾಟರ್ ಪೇಪರ್ ಸುತ್ತಿ, ನೀರಿನಲ್ಲಿ ಅದ್ದಿ ಅದ್ದಿ ಒಂಬತ್ತು ದಿನ ಉಜ್ಜಿದರು. ಕೆಂಪು ಹೋಯಿತು, ಅದರಡಿಯ ಕೆನೆಬಣ್ಣ ಹೋಯಿತು, ಬೆಳ್ಳಗೆ ತಗಡು ಬಂತು. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಸಾಕು, ಕಣ್ಣಿಗೆ ಕಾಣದ ತಗ್ಗೂ ಅವರಿಗೆ ಸಿಗುತ್ತಿತ್ತು. ಅಲ್ಲಿಗೆ ಪುಟ್ಟಿ ಮೆತ್ತಿ ಮತ್ತೆ ಉಜ್ಜುತ್ತಿದ್ದರು.

ನನ್ನ ಮುಂದೆ ಬಂದಾಗ ಅವರ ಕೈ ನಿಂತಿತು. ತಮ್ಮ ಗಂಟುಬಿದ್ದ ಬೆರಳು ನೋಡಿ ಅರಸರು ಕನಿಕರದಿಂದ ಹಾಗೆ ಹೇಳಿದ್ದಾರೆ ಎಂದುಕೊಂಡರು. "ಒಂದು ಬಾಗಿಲಿಗೆ ಮೋಸ ಮಾಡಿದ್ರೆ ಇಡೀ ಗಾಡಿಗೇ ಮೋಸ. ಆ ದೊಡ್ಡ ಮನುಷ್ಯರಿಗೆ ನಾನು ಹಾಗೆ ಮಾಡೋದಾ?" ಎಂದು ಗೊಣಗಿ, ನೀರಿನ ಬಕೆಟ್ ಎಳೆದುಕೊಂಡರು. ಇಷ್ಟು ಮೃದುವಾಗಿ ನನ್ನನ್ನು ಯಾರೂ ಉಜ್ಜಿರಲಿಲ್ಲ. ಕೆಂಪಿನ ಕೆಳಗೆ ಕೆನೆಬಣ್ಣ ಬರಲಿಲ್ಲ. ಹಸಿರು ಬಂತು.

ಅದೇ ಹೊತ್ತಿಗೆ ಗಂಡಹೆಂಡತಿ ಆಟೋದಿಂದ ಇಳಿದರು.

"ಬನ್ನಿ ಅಮ್ಮಣ್ಣಿಯೋರೇ, ನೋಡಿ, ಮದುಮಗನ ಥರ ಸ್ನಾನ ಮಾಡಿಸಿದ್ದೀನಿ" ಎಂದರು ಸಾಹೇಬರು.

ಅಮ್ಮಣ್ಣಿಯವರು ಬಗ್ಗಿ, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. "ಇದೇನಿದು ಹಸಿರು? ನಮ್ಮ ಗಾಡಿ ಯಾವತ್ತೂ ಹಸಿರಾಗಿರಲಿಲ್ಲ."

"ಬಾಗಿಲು ಬೇರೆ ಗಾಡೀದು ಅಲ್ವಾಮ್ಮ. ಇಲ್ಲಿ ನೋಡಿ, ಬಾಗಿಲ ಪಕ್ಕದ ಕಂಬಕ್ಕೂ ಬೆಸುಗೆ ಬಿದ್ದಿದೆ. ಗ್ಯಾಸಲ್ಲಿ ಕುಯ್ದವ್ರೆ. ಭಾರೀ ಏಟೇ ಬಿದ್ದಿರ್ಬೇಕು." ಅಷ್ಟು ಹೇಳಿ ಸಾಹೇಬರು ಅರಸರ ಮುಖ ನೋಡಿದರು. ಕೈಯ ಮರದ ತುಂಡು ಬಕೆಟ್ಟಿಗೆ ಬಿತ್ತು.

ಅಮ್ಮಣ್ಣಿಯವರು ಕಂಬದ ಬೆಸುಗೆಯನ್ನು ಬೆರಳಿನಿಂದ ಮುಟ್ಟಿ, ನನ್ನ ಅಂಚಿನ ಮೇಲೆ ಕೈ ಇಟ್ಟರು.

"ಎಷ್ಟು ಹೊತ್ತು ಜೀವ ಇಟ್ಕೊಂಡಿದ್ದ?" ಗಂಡನ ಕಡೆ ತಿರುಗದೆ ಕೇಳಿದರು.

"ಸರೋಜಾ, ಮನೆಗೆ ಹೋಗೋಣ."

"ಎಷ್ಟು ಹೊತ್ತು?"

"ನಾನು ಅಲ್ಲಿಗೆ ಹೋದ ಮೇಲೆ ನಲವತ್ತು ನಿಮಿಷ."

"ಮಾತಾಡ್ತಿದ್ನಾ?"

"ಆಡ್ತಿದ್ದ."

"ನನ್ನ ಕೇಳಿದ್ನಾ?"

ಅರಸರು ಹೌದೆಂದು ತಲೆಯಾಡಿಸಿದರು. "ಬರ್ತಾಳೆ, ಬರ್ತಾಳೆ ಅಂತ ಹೇಳ್ತಾನೇ ಇದ್ದೆ. ನೀನು ಆ ಸ್ಥಿತೀಲಿ ಅವನನ್ನ ನೋಡಬಾರದು ಅಂತ..."

"ಫೋನ್ ಬಂದಾಗ ನಾನು ಮನೇಲೇ ಇದ್ದೆ. ಆಫೀಸಿಗೆ ಹೋಗ್ತೀನಿ ಅಂತ ಹೇಳಿ ಹೋದ್ರಿ. ನಾನು ಹುರುಳಿಕಾಯಿ ನಾರು ಬಿಡಿಸ್ತಾ ಕೂತಿದ್ದೆ. ಇಪ್ಪತ್ತು ನಿಮಿಷದ ದಾರಿ." ಅವರ ಧ್ವನಿ ಏರಲಿಲ್ಲ. "ನೋಡೋದು ಬಿಡೋದು ನನಗೆ ಸೇರಿದ್ದು. ನನ್ನ ಮಗ ದಾರಿ ಕಾದು ಹೋದ."

ನನ್ನ ಅಂಚಿನ ಮೇಲಿದ್ದ ಕೈಯನ್ನು ಅವರು ತೆಗೆದರು. ಸೆರಗಿನಿಂದ ಒರೆಸಿಕೊಂಡರು. "ಇದನ್ನ ಬಿಚ್ಚಿಬಿಡಿ ಸಾಹೇಬ್ರೇ" ಎಂದು ಹೇಳಿ, ಬಂದ ಆಟೋದಲ್ಲೇ ಒಬ್ಬರೇ ಹೋದರು.

ಕಾರು ನೀಲಿಯಾಗಿ ಮನೆ ಸೇರಿತು, ಬಲಗಡೆ ಬಾಯಿ ತೆರೆದುಕೊಂಡೇ. ನಾನು ಸಾಹೇಬರ ಶೆಡ್ಡಿನ ಹಿಂಗೋಡೆಗೆ ಒರಗಿದ್ದೇನೆ, ಅರ್ಧ ಹಸಿರು, ಅರ್ಧ ಕೆಂಪು. ಇಲ್ಲದವನೊಬ್ಬನ ಹೆಸರಿನಲ್ಲಿ ಹತ್ತೊಂಬತ್ತು ವರ್ಷ ಪ್ರೀತಿ ಉಂಡೆ. ಅದು ಕದ್ದದ್ದೋ ಕೊಟ್ಟದ್ದೋ ಇನ್ನೂ ಬಗೆಹರಿದಿಲ್ಲ.

ಅರಸರು ಮಾತ್ರ ವಾರಕ್ಕೊಮ್ಮೆ ಬರುತ್ತಾರೆ. ಮನೆಯಲ್ಲಿ ಈಗ ಅಮ್ಮಣ್ಣಿಯವರು ಅವರ ಜೊತೆ ಮಾತಾಡುವುದಿಲ್ಲ. ಪುಟ್ಟಿ ಡಬ್ಬದ ಮೇಲೆ ಕುಳಿತು, ಆ ದಿನ ಜಯಂತ ಏನೇನು ಹೇಳಿದ ಎಂಬುದನ್ನು ಹೆಂಡತಿಗೆ ಹೇಳುವಂತೆ ನನಗೆ ಹೇಳುತ್ತಾರೆ. ನೀರು ಕೇಳಿದ್ದು, ಕಾಲು ಎಲ್ಲಿದೆ ಎಂದು ಕೇಳಿದ್ದು, ನನ್ನನ್ನು ಬೈಯಬೇಡ ಅಂತ ಅಮ್ಮನಿಗೆ ಹೇಳು ಎಂದದ್ದು. ಆ ನಲವತ್ತರಲ್ಲಿ ಮೂವತ್ತನೆಯ ನಿಮಿಷದವರೆಗೆ ಹೇಳುತ್ತಾರೆ. ಅಲ್ಲಿಗೆ ನಿಲ್ಲಿಸಿ, ಪಂಚೆ ಕೊಡವಿಕೊಂಡು ಎದ್ದು ಹೋಗುತ್ತಾರೆ.